ನಿಯಮ ನಾಲ್ಕು ಮತ್ತು ಒಂದು ತಗಡಿನ ಟ್ರೈಲರು

ನಾನು ಬರೆದ ಒಂದು ನಿಯಮದಿಂದಾಗಿ ಎದುರುಮನೆಯ ಜಯಮ್ಮನವರು ಎರಡು ವರ್ಷ ಸಮುದ್ರ ನೋಡಲಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ. ಏಕೆಂದರೆ ತಪ್ಪು ಯಾವುದು, ಮಾಡಿದವರು ಯಾರು, ಅನುಭವಿಸಿದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಿಕೊಳ್ಳದೆ ಬಾಯಿ ತೆರೆಯಬಾರದೆಂದು ನಾನು ಓದಿದ ಮೈಸೂರಿನ ಶಾಲೆ ನನಗೆ ಕಲಿಸಿದೆ. ಅಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕ್ ಇರಲಿಲ್ಲ. ಬದಲಿಗೆ ಪ್ರತಿ ಶನಿವಾರ ಮಕ್ಕಳೆಲ್ಲ ವೃತ್ತಾಕಾರವಾಗಿ ಕುಳಿತು ಆ ವಾರ ಕಂಡ ಒಂದೊಂದು ಅನ್ಯಾಯವನ್ನು ಹೆಸರಿಸಬೇಕಿತ್ತು. ಮೂರನೆಯ ತರಗತಿಯಲ್ಲಿದ್ದಾಗ ನಾನು ಎದ್ದು ನಿಂತು, ಕ್ಯಾಂಟೀನಿನ ಉದ್ದಿನವಡೆಯ ತೂತು ದಿನೇ ದಿನೇ ದೊಡ್ಡದಾಗುತ್ತಿದೆ, ಇದು ತಿನ್ನುವವರ ಮೇಲೆ ನಡೆಯುತ್ತಿರುವ ಶೋಷಣೆ ಎಂದು ಘೋಷಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ವಾರದಿಂದ ಕ್ಯಾಂಟೀನಿನವರು ವಡೆ ಮಾಡುವುದನ್ನೇ ನಿಲ್ಲಿಸಿದರು. ಆ ಪ್ರಸಂಗದಿಂದ ಕಲಿಯಬೇಕಾದದ್ದನ್ನು ನಾನು ಕಲಿಯಲಿಲ್ಲ. ಚಪ್ಪಾಳೆಯನ್ನಷ್ಟೇ ನೆನಪಿಟ್ಟುಕೊಂಡೆ.

ಈಗ ನಾವಿರುವುದು ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿ, ಬೆಟ್ಟದ ಬುಡದ ಒಂದು ಬಡಾವಣೆಯಲ್ಲಿ. ನಾನು ಮಿಡಲ್ ಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ಗಂಡ ಶ್ರೀಧರ ಫಾಸ್ಟರ್ ಸಿಟಿಯ ಔಷಧ ಕಂಪನಿಯೊಂದರಲ್ಲಿ ದಿನವಿಡೀ ಅಣುಗಳೊಂದಿಗೆ ವ್ಯವಹರಿಸಿ, ಅವು ವಾದ ಮಾಡುವುದಿಲ್ಲವೆಂಬ ನೆಮ್ಮದಿಯಿಂದ ಮನೆಗೆ ಬರುತ್ತಾನೆ. ಬಡಾವಣೆಗೆ ಒಂದು ನಿವಾಸಿಗಳ ಸಂಘವಿದೆ, ಸಂಘಕ್ಕೆ ಐದು ಜನರ ನಿಯಮ ಸಮಿತಿಯಿದೆ, ಆ ಸಮಿತಿಗೆ ನಾನು ಅಧ್ಯಕ್ಷೆ. ಅಧ್ಯಕ್ಷೆಯಾದ ಮೊದಲ ತಿಂಗಳಲ್ಲೇ ಒಂಬತ್ತು ನಿಯಮಗಳ ಕರಡು ಸಿದ್ಧಪಡಿಸಿದೆ. ಅದರಲ್ಲಿ ನಾಲ್ಕನೆಯದು ನನ್ನ ಹೆಮ್ಮೆಯ ಕೂಸು: ರಸ್ತೆಯಿಂದ ಬೆಟ್ಟ ಕಾಣುವುದು ಎಲ್ಲರ ಸಮಾನ ಹಕ್ಕಾದ್ದರಿಂದ, ಯಾವುದೇ ಬಗೆಯ ಟ್ರೈಲರನ್ನು ಯಾರೂ ತಮ್ಮ ಮನೆಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ ನಿಲ್ಲಿಸುವಂತಿಲ್ಲ, ನಿಲ್ಲಿಸಿದವರಿಗೆ ಮೂವತ್ತು ದಿನಗಳ ಗಡುವು. ಸಮಿತಿಯಲ್ಲಿ ಯಾರೋ ಅರವತ್ತು ದಿನ ಕೊಡೋಣ ಎಂದು ಗೊಣಗಿದರು. ಅನ್ಯಾಯಕ್ಕೇಕೆ ಅರವತ್ತು ದಿನ ಎಂದು ನಾನು ಕೇಳಿದೆ. ಎಲ್ಲರೂ ಕೈ ಎತ್ತಿದರು.

ಇಡೀ ಬಡಾವಣೆಯಲ್ಲಿ ಆಗ ಟ್ರೈಲರು, ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ, ಇದ್ದದ್ದು ಒಬ್ಬರ ಮನೆಯಲ್ಲಿ ಮಾತ್ರ, ಎದುರುಮನೆಯ ನಂಜುಂಡಣ್ಣನವರಲ್ಲಿ. ಅವರು ಹಾಸನದವರು. ಹರೆಯದಲ್ಲಿ ಅಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸ ಕಲಿತು, ಇಲ್ಲಿಗೆ ಬಂದ ಮೇಲೆ ಟ್ರಕ್ಕುಗಳ ಗ್ಯಾರೇಜೊಂದರಲ್ಲಿ ದುಡಿದು ನಿವೃತ್ತರಾದವರು. ನಿಯಮವನ್ನು ಅಂಚೆಯಲ್ಲಿ ಕಳಿಸುವುದು ಅಮಾನವೀಯವೆನಿಸಿ, ನಾನೇ ಅವರ ಮನೆಗೆ ಹೋದೆ. ಅವರ ಹೆಂಡತಿ ಜಯಮ್ಮನವರು ಕಾಫಿ ಕೊಟ್ಟರು, ಕೊಡುಬಳೆ ಕೊಟ್ಟರು. ನಾನು ಕೊಡುಬಳೆ ಮುರಿಯುತ್ತ ಸಮಾನತೆಯ ತತ್ತ್ವವನ್ನು ವಿವರಿಸಿದೆ. ದಂಪತಿಗಳಿಬ್ಬರೂ ಶ್ರದ್ಧೆಯಿಂದ ಕೇಳಿಸಿಕೊಂಡರು. ಮೂರು ವಾರದೊಳಗೆ ಟ್ರೈಲರು ಮಾರಾಟವಾಗಿ, ರಸ್ತೆಯಿಂದ ಬೆಟ್ಟ ಪೂರ್ತಿ ಕಾಣತೊಡಗಿತು. ವರ್ಷದ ಬಹುಭಾಗ ಒಣಹುಲ್ಲಿನ ಬಣ್ಣಕ್ಕಿರುವ ಆ ಬೆಟ್ಟವನ್ನು ಯಾರಾದರೂ ನಿಂತು ನೋಡಿದ್ದನ್ನು ನಾನು ಇಂದಿಗೂ ಕಂಡಿಲ್ಲ.

ಇದಾಗಿ ಎರಡು ವರ್ಷಕ್ಕೆ, ಈ ಬೇಸಿಗೆ ರಜೆಯ ಮೊದಲ ಶನಿವಾರ, ನಾವು ಗಿಲ್‌ರಾಯ್‌ಗೆ ಬೆಳ್ಳುಳ್ಳಿ ತರಲು ಹೋದೆವು. ಹೊಲವೊಂದರ ಅಂಚಿನಲ್ಲಿ, ಮೊಳಕಾಲುದ್ದ ಹುಲ್ಲಿನ ನಡುವೆ, ಹನ್ನೆರಡು ಅಡಿಯ ಒಂದು ಹಳೆಯ ಟ್ರೈಲರು ನಿಂತಿತ್ತು. ನನಗಿಂತ ವಯಸ್ಸಾದದ್ದು. ದುಂಡು ಮೂತಿ, ಬಣ್ಣ ಹೋದ ಅಲ್ಯೂಮಿನಿಯಂ ತಗಡಿನ ಮೈ, ಒಂದು ಕಡೆ ಕುಸಿದ ಚಾವಣಿ. ‘ಒಯ್ಯುವವರು ಒಯ್ಯಬಹುದು’ ಎಂದು ಹೊಲದವರು ಫಲಕ ನೆಟ್ಟಿದ್ದರು. ಕೆಲವರಿಗೆ ಬೆಕ್ಕಿನ ಮರಿ ಕಂಡರೆ ಆಗುವುದು ನನಗೆ ಅದನ್ನು ಕಂಡಾಗ ಆಯಿತು. ಇದನ್ನು ಚಾಸಿಯವರೆಗೂ ಬಿಚ್ಚಬೇಕು, ತಳದಿಂದ ಹೊಸದಾಗಿ ಕಟ್ಟಬೇಕು, ಬಳಸಿ ಬಿಸಾಡುವ ಈ ನಾಗರಿಕತೆಗೆ ಉತ್ತರ ಕೊಡಬೇಕು! ನಾನು ಹುಲ್ಲಿನಲ್ಲಿ ನಿಂತು ಇಷ್ಟನ್ನೂ ಗಟ್ಟಿಯಾಗಿ ಹೇಳಿದೆ. ಶ್ರೀಧರ, “ಬೆಳ್ಳುಳ್ಳಿ ಎರಡು ಕೆಜಿ ಸಾಕಲ್ವಾ?” ಎಂದ. ಸೋಮವಾರ ಅದು ದೊಡ್ಡ ಟ್ರಕ್ಕಿನ ಬೆನ್ನೇರಿ ನಮ್ಮ ಡ್ರೈವ್‌ವೇಗೆ ಬಂದಿಳಿಯಿತು. ಗ್ಯಾರೇಜಿನ ಬಾಗಿಲಿಗಿಂತ ಮೊಳದಷ್ಟು ಎತ್ತರವಿದ್ದುದರಿಂದ ಹೊರಗೇ ಉಳಿಯಿತು.

ನಿಯಮ ನೆನಪಿರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ನಿಯಮ ಇರುವುದು ಟ್ರೈಲರುಗಳಿಗೆ, ನನ್ನದು ಮರುನಿರ್ಮಾಣ. ಈ ಸೂಕ್ಷ್ಮ ವ್ಯತ್ಯಾಸ ಸಂಘದ ಕೆಲಸ ನೋಡಿಕೊಳ್ಳುವ ಕಂಪನಿಗೆ ತಿಳಿಯಲಿಲ್ಲ. ಗುರುವಾರ ಶ್ರೀಧರ ಒಂದು ಲಕೋಟೆ ಹಿಡಿದು ಬಂದ.

“ಸುಮಾ, ನೋಟೀಸು ಬಂದಿದೆ. ಕೋಪ ಮಾಡ್ಕೋಬೇಡ. ತುಂಬ ಚೆನ್ನಾಗಿ ಬರ್ದಿದಾರೆ.”

ಓದಿದೆ. ಒಂದೊಂದು ವಾಕ್ಯವೂ ಚಾಟಿಯಂತಿತ್ತು. ಮೂವತ್ತು ದಿನಗಳಲ್ಲಿ ಟ್ರೈಲರು ತನ್ನ ಗಾಲಿಗಳ ಮೇಲೆ ಹೊರಗೆ ಹೋಗದಿದ್ದರೆ ಸಂಘವೇ ಅದನ್ನು ಗುಜರಿಗೆ ಸಾಗಿಸುತ್ತದಂತೆ.

“ಯಾರೋ ಇದು, ಇಷ್ಟು ಅಹಂಕಾರದಿಂದ ಬರ್ದಿರೋದು?” ಎಂದೆ.

“ಕೆಳಗಡೆ ಸೈನು ನೋಡು” ಎಂದು ಅವನು ಅಡುಗೆಮನೆಗೆ ನಡೆದುಬಿಟ್ಟ. ಸಹಿ ನನ್ನದೇ. ಎರಡು ವರ್ಷದ ಹಿಂದೆ ನಾನೇ ಮಾದರಿ ಪತ್ರ ಬರೆದು, ಸಹಿ ಮಾಡಿ, ಕಂಪ್ಯೂಟರಿಗೆ ಒಪ್ಪಿಸಿದ್ದೆ. ಅಡುಗೆಮನೆಯಿಂದ ಬಹಳ ಹೊತ್ತು ಯಾವ ಸದ್ದೂ ಬರಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಸದ್ದಿಲ್ಲದ ನಗು ಕೇಳಿಸುತ್ತದೆ.

ಗಡುವು ಎಂದರೆ ಗಡುವು. ಮರುದಿನವೇ ಬಿಚ್ಚತೊಡಗಿದೆ. ಎಂಥ ಉತ್ಸಾಹ! ಒಂದೊಂದು ತಗಡು ಕಳಚಿದಾಗಲೂ ಒಳಗೆ ಒಂದೊಂದು ಹಗರಣ. ಸೋರುವ ಜಾಗಕ್ಕೆ ಅಂಟು, ಅಂಟಿನ ಮೇಲೆ ಅಂಟು, ಅದರ ಮೇಲೆ ಬಣ್ಣ. ಕೊಳೆತ ನೆಲದ ಮೇಲೆ ಹೊಸ ಹಲಗೆ, ಹಲಗೆಯ ಮೇಲೆ ಕಾರ್ಪೆಟ್ಟು. ಹಿಂದಿನ ಒಬ್ಬ ಮಾಲೀಕನೂ ನೀರು ಎಲ್ಲಿಂದ ಬರುತ್ತಿದೆ ಎಂದು ಕೇಳಿರಲಿಲ್ಲ. ಕಾಣದಂತೆ ಮುಚ್ಚಿ ಮುಂದಿನವರಿಗೆ ದಾಟಿಸಿದ್ದರು. ನಾನು ಸೀಮೆಸುಣ್ಣ ತೆಗೆದುಕೊಂಡು, ಯಾವ ಪದರ ಯಾರ ಅಪರಾಧವೆಂದು ಗೋಡೆಯ ಮೇಲೆ ಪಟ್ಟಿ ಮಾಡುತ್ತಿದ್ದಾಗ ಹಿಂದಿನಿಂದ ಕೆಮ್ಮಿದ ಶಬ್ದ ಕೇಳಿಸಿತು. ನಂಜುಂಡಣ್ಣ, ಕೈಯಲ್ಲಿ ಅವರದೇ ಉಪಕರಣಗಳ ಪೆಟ್ಟಿಗೆ.

“ಏನ್ ಅಧ್ಯಕ್ಷರೇ, ಬಿಚ್ತಾ ಇದೀರೋ, ಕೊಲೆ ಮಾಡ್ತಾ ಇದೀರೋ?”

“ಬಿಚ್ತಾ ಇದೀನಿ ನಂಜುಂಡಣ್ಣ. ನೋಡಿ ಇಲ್ಲಿ, ಎಂಥ ಮೋಸ!”

“ಸ್ಕ್ರೂ ಎಡಕ್ಕೆ ತಿರುಗಿಸಿದ್ರೆ ಬರ್ತದೆ. ನೀವು ಬಲಕ್ಕೆ ತಿರುಗಿಸಿ ಅದನ್ನ ಬೈತಾ ಇದೀರಿ. ಬೆಳಿಗ್ಗೆಯಿಂದ ಕಿಟಕೀಲಿ ಕೂತು ನೋಡ್ದೆ, ತಡಕೊಳ್ಳಕ್ಕಾಗ್ಲಿಲ್ಲ.”

ನಾನು ನನ್ನ ಅಪರಾಧಪಟ್ಟಿಯನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. “ಆ ಪುಣ್ಯಾತ್ಮರು ಎಲ್ಲವ್ರೋ ಏನೋ ಮೇಡಂ. ಅವರ ಮೇಲೆ ಆಮೇಲೆ ಕೇಸ್ ಹಾಕಾಣ. ಈಗ ಆ ಸುತ್ತಿಗೆ ಕೊಡಿ ಇತ್ಲಾಗೆ.”

ಹೀಗೆ ಅವರು ಸೇರಿಕೊಂಡರು. ತಮ್ಮ ಟ್ರೈಲರಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ‘ಅಧ್ಯಕ್ಷರೇ’ ಎಂದು ಕರೆಯುವುದನ್ನು ಮಾತ್ರ ಬಿಡಲಿಲ್ಲ. ತಗಡೆಲ್ಲ ಕಳಚಿ ಗ್ಯಾರೇಜಿನಲ್ಲಿ ಒರಗಿಸಿಟ್ಟೆವು. ಗೋಡೆ ಚಾವಣಿಗಳ ಮರದ ಅಸ್ಥಿಪಂಜರ ಮುಟ್ಟಿದಲ್ಲೆಲ್ಲ ಪುಡಿಯಾಗುತ್ತಿತ್ತು. ಒಂದು ಮಧ್ಯಾಹ್ನ ಅವರು ಊಟ, ನಿದ್ದೆಗೆಂದು ಹೋಗಿದ್ದಾಗ ನಾನು ಅಷ್ಟೂ ಕೊಳೆತ ಮರವನ್ನು ಕಿತ್ತು, ಶ್ರೀಧರನ ವ್ಯಾನಿಗೆ ತುಂಬಿ, ಕಸದ ಕೇಂದ್ರಕ್ಕೆ ಒಯ್ದು, ಬಣ್ಣ ಬಳಿದದ್ದನ್ನೂ ಬಳಿಯದ್ದನ್ನೂ ಬೇರೆ ಬೇರೆ ಮಾಡಿ ಒಪ್ಪಿಸಿ ಬಂದೆ. ಬರಿ ಚಾಸಿ, ಎರಡು ಗಾಲಿ. ಕ್ರಾಂತಿಯ ಮರುದಿನದ ಬೆಳಗಿನಂತೆ ಎಲ್ಲ ಖಾಲಿ, ಎಲ್ಲ ಸಾಧ್ಯ! ನಂಜುಂಡಣ್ಣ ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು.

“ಮೂತಿಯ ಕಮಾನು ಎಲ್ಲಿ?”

“ಕೊಳೆತಿತ್ತಲ್ಲ, ಹಾಕಿ ಬಂದೆ.”

“ಎಲ್ಲಾನೂವಾ?” ಅವರು ನೆಲದ ಮೇಲೆ ಕುಳಿತೇಬಿಟ್ಟರು. “ಕೊಳೆತ್ರೇನು ಅಧ್ಯಕ್ಷರೇ, ಅದೇ ಅಳತೆ. ಅದನ್ನ ಹಲಗೆ ಮೇಲಿಟ್ಟು ಗೀರು ಹಾಕ್ಕೊಂಡು ಹೊಸದು ಕುಯ್ಯೋದು. ಈಗ ಈ ದುಂಡು ಮೂತೀನ ಯಾವ ಲೆಕ್ಕದಲ್ಲಿ ಕುಯ್ಯಣ?”

ಗಡುವಿಗೆ ಇಪ್ಪತ್ತೈದು ದಿನ ಉಳಿದಿತ್ತು. ಕಸದ ಕೇಂದ್ರಕ್ಕೆ ಫೋನ್ ಮಾಡಿದೆ. ಮರವೆಲ್ಲ ಆಗಲೇ ಪುಡಿಯಾಗಿದೆಯೆಂದು ಅವರು ಬಹಳ ಅಭಿಮಾನದಿಂದ ತಿಳಿಸಿದರು. ಕೆಟ್ಟದ್ದನ್ನೆಲ್ಲ ಬೇರುಸಹಿತ ಕಿತ್ತೆಸೆಯುವುದೇ ಸುಧಾರಣೆಯೆಂದು ನಂಬಿ ಬೆಳೆದವಳು ನಾನು. ಕೆಟ್ಟದ್ದರೊಳಗೂ ಒಂದು ಅಳತೆ ಇರುತ್ತದೆ ಎಂದು ನನಗೆ ಯಾವ ಶನಿವಾರವೂ ಯಾರೂ ಹೇಳಿರಲಿಲ್ಲ.

ದಾರಿ ತೋರಿಸಿದವರು ಜಯಮ್ಮ. ಗಂಡನನ್ನು ಕಾಫಿಗೆ ಕರೆಯಲು ಕೋಲೂರಿಕೊಂಡು ನಿಧಾನವಾಗಿ ರಸ್ತೆ ದಾಟಿ ಬಂದವರು, ನಮ್ಮಿಬ್ಬರ ಸೂತಕದ ಮುಖ ನೋಡಿ ವಿಷಯ ಕೇಳಿದರು. “ಅದಕ್ಯಾಕೆ ಹಿಂಗೆ ಕೂತಿದೀರಿ? ತಗಡು ಐತಲ್ಲ. ದರ್ಜಿಗೆ ಅಳತೆ ರವಿಕೆ ಕೊಡಕ್ಕಿಲ್ವಾ, ಹಂಗೆ.”

ಟ್ರೈಲರಿನ ಎರಡೂ ಪಕ್ಕಗಳ ತಗಡುಗಳನ್ನು ಗ್ಯಾರೇಜಿನಿಂದ ತಂದು ಡ್ರೈವ್‌ವೇಯ ಮೇಲೆ ಜೋಡಿಸಿದೆವು. ಮೂತಿಯ ದುಂಡು, ಕಿಟಕಿಯ ಜಾಗ, ಬಾಗಿಲಿನ ಅಂಚು, ಎಲ್ಲವೂ ಅದರಲ್ಲಿತ್ತು! ನಾನು ಮಂಡಿಯೂರಿ ಸುತ್ತಲೂ ಗೆರೆ ಎಳೆಯುತ್ತ ಹೋದೆ, ಜಯಮ್ಮ ಕೋಲಿನ ತುದಿಯಿಂದ ನಿರ್ದೇಶನ ಕೊಟ್ಟರು: “ಅಷ್ಟು ಅಂಚಿಗೆ ಬೇಡ ಕಣಮ್ಮ. ಒಂದು ಬೆರಳು ಒಳಕ್ಕೆ ಬಿಡು, ಮಡಚಕ್ಕೆ ಬೇಕು.” ಗೆರೆ ಪೂರ್ತಿಯಾದಾಗ ಅವರು ತಗಡಿನ ಮೇಲೆ ಕೈಯಾಡಿಸಿ ಹೇಳಿದರು: “ನಮ್ದೂ ಹಿಂಗೇ ಇತ್ತು. ಶುಕ್ರವಾರ ಶುಕ್ರವಾರ ಸಮುದ್ರಕ್ಕೆ ಹೋಗ್ತಿದ್ವಿ. ನನಗೆ ಅರ್ಧ ಗಂಟೆ ಮೇಲೆ ಕೂರಕ್ಕಾಗಲ್ಲ ನೋಡು, ಬೆನ್ನು. ದಾರೀಲಿ ನಿಲ್ಸಿ ನಿಲ್ಸಿ, ಅದರಲ್ಲಿ ಒಂದೊಂದು ಗಳಿಗೆ ಮಲಗೆದ್ದು ಹೋಗ್ತಿದ್ದೆ.”

“ಈಗ?”

“ಈಗ ಎಲ್ಲಿ? ಕಾರಲ್ಲಿ ಆಗಲ್ಲ.”

“ಅವತ್ತೇ ಯಾಕೆ ಹೇಳ್ಲಿಲ್ಲ ಜಯಮ್ಮ?”

“ನೀನು ಅಷ್ಟು ಚೆಂದಾಗಿ ಮಾತಾಡ್ತಿದ್ದೆ. ನಡುವೆ ಬಾಯಿ ಹಾಕದು ಹೆಂಗೆ ಅಂತ ಸುಮ್ಕಾದೆ. ಕೊಡುಬಳೆ ಬೇರೆ ಇಷ್ಟಪಟ್ಟು ತಿಂತಿದ್ದೆ.”

ನನ್ನನ್ನು ಜೀವನದಲ್ಲಿ ಅನೇಕರು ಟೀಕಿಸಿದ್ದಾರೆ. ಅವರಿಗೆಲ್ಲ ನಾನು ಅಂಶವಾರು ಉತ್ತರ ಕೊಟ್ಟಿದ್ದೇನೆ. ಇದು ಟೀಕೆಯೇ ಆಗಿರಲಿಲ್ಲ. ಆ ಕ್ಷಣದಿಂದ ಗಡುವು ನನ್ನ ಪಾಲಿಗೆ ಬೇರೆಯೇ ಆಯಿತು. ಮೂವತ್ತನೆಯ ದಿನ ಈ ಟ್ರೈಲರು ಹೊರಡಬೇಕು, ಗುಜರಿಗಲ್ಲ, ಸಮುದ್ರಕ್ಕೆ. ಒಳಗೆ ಜಯಮ್ಮನವರ ಬೆನ್ನಿಗೆ ಒಪ್ಪುವ ಹಾಸಿಗೆ ಇರಬೇಕು.

ಮುಂದಿನ ದಿನಗಳ ಸಂಭ್ರಮವನ್ನು ಹೇಗೆ ಹೇಳಲಿ! ಚಾಸಿಯ ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿ ಉಜ್ಜಿ ನಾನು ಹಲ್ಲಿನವರೆಗೂ ಕೆಂಪಾದೆ. ವ್ಯಾನಿಗೆ ಕೊಂಡಿ ಹಾಕುವ, ಬಿರುಕು ಬಿಟ್ಟಿದ್ದ ಮುಂಗಂಬಿಯನ್ನು ನಂಜುಂಡಣ್ಣ ಬೆಸೆದರು. ಕಪ್ಪು ಬಣ್ಣ ಬಳಿದಾಗ ಅದು ಆನೆಮರಿಯಂತೆ ಹೊಳೆಯಿತು. ನೆಲ ಹಾಸಿದೆವು. ಗೆರೆಯ ಮೇಲೆ ಕುಯ್ದ ಗೋಡೆಯ ಚೌಕಟ್ಟು ಎದ್ದು ನಿಂತ ದಿನ, ದುಂಡು ಮೂತಿ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಂಡಾಗ, ನಾನು ಕಿರುಚಿದ ಕಿರುಚಿಗೆ ಪಕ್ಕದ ಬೀದಿಯ ನಾಯಿಗಳು ಉತ್ತರಿಸಿದವು. ಅಣುಗಳ ಮನುಷ್ಯ ಶ್ರೀಧರ ಎರಡು ವಾರ ರಜೆ ಹಾಕಿ ದೀಪಗಳ ವೈರಿಂಗು ಮಾಡಿದ. ಮೊದಲ ಪ್ರಯತ್ನದಲ್ಲಿ ಬಲಕ್ಕೆ ತಿರುಗುವ ದೀಪ ಹಾಕಿದರೆ ಒಳಗಿನ ಫ್ಯಾನು ತಿರುಗಿತು. ತಗಡು ಹೊದಿಸುವಾಗ ನಾನು ಮೇಲಿನಿಂದ ಶುರುಮಾಡಹೊರಟೆ. “ಕೆಳಗಿಂದ ಬನ್ನಿ ಅಧ್ಯಕ್ಷರೇ” ಎಂದರು ನಂಜುಂಡಣ್ಣ. “ಮೇಲಿನ ತಗಡು ಕೆಳಗಿನದರ ಮೇಲೆ ಕೂತ್ರೆ ಮಳೆ ನೀರು ಜಾರ್ತದೆ. ಮೇಲಿಂದ ಬಂದ್ರೆ ಎಲ್ಲ ಒಳಕ್ಕೇ.” ಸಮಿತಿಯ ಸಭೆಗಳಲ್ಲಿ ಈ ಮಾತನ್ನು ಯಾರೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ಹೊಸ ನಂಬರ್ ಪ್ಲೇಟು ಬಂತು. ಮೂವತ್ತನೆಯ ದಿನ ಬೆಳಿಗ್ಗೆ ನಾವು ನಾಲ್ವರೂ ಹೊರಟೆವು. ಚಲಿಸುವ ಟ್ರೈಲರಿನೊಳಗೆ ಯಾರೂ ಇರುವಂತಿಲ್ಲವಾದ್ದರಿಂದ ಜಯಮ್ಮ ನಮ್ಮ ಜೊತೆ ವ್ಯಾನಿನಲ್ಲಿ ಕುಳಿತರು. ಅರ್ಧ ಗಂಟೆಗೊಮ್ಮೆ ಫ್ರೀವೇ ಬಿಟ್ಟಿಳಿದು ನಿಲ್ಲಿಸುವುದು, ಅವರು ಒಳಗೆ ಹೋಗಿ ಮಲಗಿ ಏಳುವುದು. ಫಾಸ್ಟರ್ ಸಿಟಿಯ ನೀರಿನ ಪಕ್ಕ ನಿಲ್ಲಿಸಿದಾಗ ಶ್ರೀಧರನ ಸಹೋದ್ಯೋಗಿಯೊಬ್ಬ ನಮ್ಮನ್ನು ಕಂಡು, ಮನೆ ಖಾಲಿ ಮಾಡಿದಿರಾ ಎಂದು ವಿಚಾರಿಸಿದ. ಮಧ್ಯಾಹ್ನಕ್ಕೆ ಸಮುದ್ರತೀರದ ಹಾಫ್ ಮೂನ್ ಬೇ ತಲುಪಿದೆವು. ಟ್ರೈಲರಿನ ಹಿಂದಿನ ಕಿಟಕಿ ನೀರಿಗೆ ಮುಖ ಮಾಡುವಂತೆ ನಂಜುಂಡಣ್ಣ ಮೂರು ಸಲ ಹಿಂದೆ ಮುಂದೆ ಮಾಡಿಸಿ ನಿಲ್ಲಿಸಿದರು. ಜಯಮ್ಮ ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿ, ಕಿಟಕಿ ಸರಿಸಿ, ಬಹಳ ಹೊತ್ತು ನೋಡಿದರು. “ಹಾಸಿಗೆ ಒಸಿ ಗಟ್ಟಿ ಆಯ್ತು” ಎಂದರು. ಕಿಟಕಿಯಿಂದ ಮಾತ್ರ ಮುಖ ತಿರುಗಿಸಲಿಲ್ಲ.

ಇಷ್ಟೆಲ್ಲ ಆದರೂ ಟ್ರೈಲರು ನಮ್ಮ ಬೀದಿಗೆ ಮರಳುವಂತಿಲ್ಲ. ಈಗ ಅದು ಗಿಲ್‌ರಾಯ್‌ನ ಬಾಡಿಗೆಗೆ ವಾಹನ ನಿಲ್ಲಿಸುವ ಒಂದು ಅಂಗಳದಲ್ಲಿದೆ. ಸಮುದ್ರ ಒಂದು ದಿಕ್ಕಿಗೆ, ಟ್ರೈಲರು ಇನ್ನೊಂದು ದಿಕ್ಕಿಗೆ. ಮನೆಯ ಮುಂದೆ ಅದನ್ನು ಗಳಿಗೆ ಹೊತ್ತೂ ನಿಲ್ಲಿಸುವಂತಿಲ್ಲವಾದ್ದರಿಂದ ಜಯಮ್ಮನವರೇ ಅಲ್ಲಿಯವರೆಗೆ ಕಾರಿನಲ್ಲಿ ಬರಬೇಕು, ಅಷ್ಟರಲ್ಲೇ ಅವರ ಬೆನ್ನು ಆ ದಿನದ ಕೆಲಸ ಮುಗಿಸಿರುತ್ತದೆ. ಎರಡು ಶುಕ್ರವಾರಗಳು ಆಗಲೇ ಖಾಲಿ ಹೋಗಿವೆ.

ಆದ್ದರಿಂದ ನಿಯಮ ಸಮಿತಿಯ ಉಳಿದ ನಾಲ್ವರು ಸದಸ್ಯರೇ, ಇದು ನಿಮಗೆ. ನಿಮ್ಮಲ್ಲಿ ಇಬ್ಬರು ಕನ್ನಡ ಓದುತ್ತೀರಿ. ಮಿಕ್ಕ ಇಬ್ಬರಿಗೆ ನೀವೇ ತಿಳಿಸಿ. ನಾನು ಬರೆದದ್ದನ್ನು ಓದದೆ ಕೈ ಎತ್ತಿದಿರಿ; ಬರೆದವಳ ತಪ್ಪಿನಲ್ಲಿ ಎತ್ತಿದ ಕೈಗಳಿಗೂ ಪಾಲಿದೆ. ಮುಂದಿನ ಸಭೆಯಲ್ಲೇ ನಿಯಮ ನಾಲ್ಕನ್ನು ರದ್ದುಪಡಿಸಬೇಕು, ಮತ್ತು ನಾವು ಐವರೂ ನಂಜುಂಡಣ್ಣ ಜಯಮ್ಮನವರ ಮನೆಗೆ ಹೋಗಿ, ಅವರು ಏನು ಕೊಟ್ಟರೂ ತಿನ್ನದೆ, ಬಾಯಿಬಿಟ್ಟು ಕ್ಷಮೆ ಕೇಳಬೇಕು. ಸ್ವಂತ ಲಾಭವಿರುವ ವಿಷಯದಲ್ಲಿ ಸದಸ್ಯರು ಮತ ಹಾಕುವಂತಿಲ್ಲ ಎಂದು ನಿಯಮ ಒಂಬತ್ತು ಹೇಳುತ್ತದೆ. ಅದನ್ನೂ ನಾನೇ ಬರೆದದ್ದರಿಂದ, ಅಂದು ನಾನು ಕೈ ಕಟ್ಟಿ ಕುಳಿತಿರುತ್ತೇನೆ. ಎತ್ತಬೇಕಾದ ಕೈಗಳು ನಿಮ್ಮವೇ. ರದ್ದಾದ ಮೇಲೆ ಅದರ ಜಾಗಕ್ಕೆ ಹೊಸದೊಂದು ನಿಯಮ ಬೇಡವೇ ಎಂದು ಯಾರಾದರೂ ಕೇಳುತ್ತಾರೆ, ನೀವೆಲ್ಲ ಎಂದಿನಂತೆ ನನ್ನ ಕಡೆ ತಿರುಗುತ್ತೀರಿ, ನಾನು ಎಂದಿನಂತೆ ಪೆನ್ನು ತೆಗೆಯುತ್ತೇನೆ. ದಯವಿಟ್ಟು ಆ ಪೆನ್ನನ್ನು ಕಿತ್ತುಕೊಳ್ಳಿ.