ಸೊಸೆಯ ವಾಸ ಪರವಾನಗಿ ಸಂದರ್ಶನಕ್ಕೆ ಅತ್ತೆಯವರನ್ನು ಕರೆತರುವ ಕುರಿತು

ವಿದೇಶಿ ಸಂಗಾತಿಗಳ ವಾಸ ಪರವಾನಗಿ ವಿಭಾಗ, ಹಾಸನ
(ಇಲಾಖೆಯ ಹೆಸರು ಮೊಹರಿನಲ್ಲಿ ಮೂಡಿರುವುದಿಲ್ಲ. ಮೂಡಿದೆಯೆಂದೇ ಭಾವಿಸತಕ್ಕದ್ದು.)

ಸಂಖ್ಯೆ: ವಿಸಂವಾ/ಸಂದರ್ಶನ/ಅತ್ತೆ/೧೧/೨೦೨೫-೨೬
ದಿನಾಂಕ: ೧೫.೦೯.೨೦೨೫

ವಿಷಯ: ವಿವಾಹದ ಆಧಾರದ ಮೇಲೆ ವಾಸ ಪರವಾನಗಿ ಕೋರುವವರ ಸಂದರ್ಶನದಲ್ಲಿ ಅತ್ತೆಯವರ ದೂರುಗಳನ್ನು ದಾಖಲೆಯಾಗಿ ಪರಿಗಣಿಸುವ ಬಗ್ಗೆ.

ಉಲ್ಲೇಖ:
೧. ಶ್ರೀಮತಿ ಮಾರಿಸೆಲ್ ಕೋಂ ಸುದರ್ಶನ್ ಇವರ ಅರ್ಜಿ.
೨. ಶ್ರೀಮತಿ ಅನಸೂಯಮ್ಮನವರ ಮೌಖಿಕ ಹೇಳಿಕೆ, ಬರೆದುಕೊಳ್ಳಲು ಸಾಧ್ಯವಾದಷ್ಟು.
೩. ಸದರಿ ಹೇಳಿಕೆಯ ಉಳಿದ ಭಾಗ, ಊಟದ ವಿರಾಮದಲ್ಲಿ.

ಪ್ರಸ್ತಾವನೆ:

ಶಾಂತಿಗ್ರಾಮ ಹೋಬಳಿಯ ಅನಸೂಯಮ್ಮನವರ ಒಬ್ಬನೇ ಮಗ ಸುದರ್ಶನ್ ಎಂಬುವವರು ಮಸ್ಕತ್ತಿನಲ್ಲಿ ಆರು ವರ್ಷ ಎ.ಸಿ. ರಿಪೇರಿ ಮಾಡಿಕೊಂಡಿದ್ದು, ಅಲ್ಲಿನ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿದ್ದ ಫಿಲಿಪ್ಪೀನ್ಸ್ ದೇಶದ ಮಾರಿಸೆಲ್ ಎಂಬುವವರನ್ನು ಮೆಚ್ಚಿ, ಊರಿಗೆ ಕರೆತಂದು, ಹಾಸನದಲ್ಲಿ ರಿಜಿಸ್ಟರ್ ಮದುವೆಯಾಗಿ, ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುತ್ತಾರೆ. ಅಣ್ಣನ ಮಗಳನ್ನು ಮನೆಗೆ ತಂದುಕೊಳ್ಳುವ ಮಾತನ್ನು ಹತ್ತು ವರ್ಷದಿಂದ ಆಡಿಕೊಂಡು ಬಂದಿದ್ದ ಅನಸೂಯಮ್ಮನವರು ಈ ಮದುವೆಗೆ ಹೋಗಲಿಲ್ಲ. ಅಂದು ಹಸುವಿಗೆ ಹುಷಾರಿಲ್ಲ ಎಂದು ತಿಳಿಸಿದ್ದರು. ಹಸುವು ಹುಷಾರಾಗಿತ್ತು.

ಅಂದಿನಿಂದ ಎರಡೂವರೆ ವರ್ಷ ಅತ್ತೆ ಸೊಸೆ ಒಂದೇ ಸೂರಿನಡಿ ಇದ್ದರೂ, ಅನಸೂಯಮ್ಮನವರು ಸೊಸೆಯನ್ನು ಹೆಸರು ಹಿಡಿದು ಕರೆದದ್ದಿಲ್ಲ. ಬೈಯಬೇಕಾದರೂ ಹಸುವಿನ ಕಡೆ ತಿರುಗಿಯೇ ಬೈಯುತ್ತಿದ್ದರು. ಹಾಲಿನ ಡೈರಿಯವರು ಮಾರಿಸೆಲ್ ಎಂಬುದನ್ನು ‘ಮರಿಶೀಲಾ’ ಎಂದು ಬರೆದುಕೊಂಡು, ಊರಿಗೆಲ್ಲ ಅದೇ ಹೆಸರಾದಾಗಲೂ ಅತ್ತೆಯವರು ಅದನ್ನು ಬಾಯಲ್ಲಿ ಆಡಲಿಲ್ಲ.

ಹೀಗಿರಲಾಗಿ, ಕಳೆದ ತಿಂಗಳು ಸಂದರ್ಶನದ ನೋಟೀಸು ಹೋಗಿ, ‘ಕುಟುಂಬದ ಹಿರಿಯರೊಬ್ಬರು ಹಾಜರಿರತಕ್ಕದ್ದು’ ಎಂಬ ಸಾಲಿನಿಂದ ಅನಸೂಯಮ್ಮನವರು ಹೊರಡಬೇಕಾಯಿತು. ಪರವಾನಗಿ ಸಿಗದಿದ್ದರೆ ಮೂವತ್ತು ದಿನದೊಳಗೆ ಆ ಹೆಣ್ಣುಮಗಳು ದೇಶ ಬಿಡಬೇಕು ಎಂದು ಮಗ ಹೇಳಿದಾಗ ಸದರಿಯವರು ಹಸುವಿಗೆ ಹುಲ್ಲು ಹಾಕಲು ಎದ್ದು ಹೋದರು. ಹಾಸನದ ಬಸ್ಸಿನಲ್ಲಿ ಅವರಿಬ್ಬರಿಗಿಂತ ಎರಡು ಸೀಟು ಮುಂದೆ ಕೂತು, ‘ಕೇಳಿದ್ರೆ ಇದ್ದದ್ ಇದ್ದಂಗೆ ಯೋಳ್ಬುಡದು. ಒಪ್ಪಿಲ್ಲ ಅಂದ್ರೆ ಒಪ್ಪಿಲ್ಲ’ ಎಂದು ಮನಸ್ಸು ಗಟ್ಟಿ ಮಾಡಿಕೊಂಡರು. (ಇದನ್ನು ಯಾರೂ ಕೇಳಿರಲಿಲ್ಲ. ಸದರಿಯವರೇ ಹೇಳಿದ್ದರಿಂದ ಕಡತದಲ್ಲಿ ಸೇರಿದೆ.)

ಪರಿಶೀಲನಾಧಿಕಾರಿ ಶ್ರೀ ಪಂಚಾಕ್ಷರಯ್ಯನವರು ನಿಯಮದಂತೆ ಗಂಡಹೆಂಡಿರನ್ನು ಬೇರೆ ಬೇರೆ ಕೂರಿಸಿ ಹನ್ನೊಂದು ಪ್ರಶ್ನೆ ಕೇಳಿದರು. ಹೆಂಡತಿಯ ಹುಟ್ಟಿದ ದಿನ ಯಾವುದೆಂಬುದಕ್ಕೆ ಸುದರ್ಶನ್ ಅವರು, “ಡಿಸೆಂಬರ್ ಇರ್ಬೇಕು ಸಾ, ಚಳಿ ಇತ್ತು” ಎಂದರು. ಪಾಸ್‌ಪೋರ್ಟಿನಲ್ಲಿ ನವೆಂಬರ್ ಇಪ್ಪತ್ತೊಂದು ಎಂದಿತ್ತು. ಮಂಚದ ಯಾವ ಕಡೆ ಹೆಂಡತಿ ಮಲಗುವರೆಂದರೆ ಆತ ಎಡ ಎಂದರು, ಆಕೆ ಬಲ ಎಂದರು. ಹಿಂದಿನ ದಿನದ ಸಾರು ಆತನಿಗೆ ಅವರೆಕಾಳು, ಆಕೆಗೆ ಹುರುಳಿಕಾಳು. ತಾಳೆಯಾದದ್ದು ಎರಡೇ: ಗಂಡನ ಹೆಸರು, ಮತ್ತು ಮನೆಯಲ್ಲಿ ಎರಡು ಹಸು ಇವೆ ಎಂಬುದು.

ಅರ್ಜಿದಾರರಿಗೆ ಕನ್ನಡ ಬರುವುದೇ ಎಂದು ಕೇಳಲಾಗಿ, “ಬತ್ತದೆ ಸಾ” ಎಂದರು. ಒಂದು ವಾಕ್ಯ ಹೇಳಿರೆಂದು ಸೂಚಿಸಿ ಅಧಿಕಾರಿಗಳು ಎದ್ದು ಬೀರುವಿನ ಮುಂದೆ ಕಡತ ಹುಡುಕುತ್ತಿರುವಾಗ, ಆಕೆ ಸ್ವಲ್ಪ ಯೋಚಿಸಿ, ಸ್ಪಷ್ಟ ಉಚ್ಚಾರಣೆಯಲ್ಲಿ, “ಎಮ್ಮೆ ನಿಂತಂಗೆ ನಿಂತವ್ನೆ ನೋಡು, ಗ್ಯಾನ ಇಲ್ದೋನು” ಎಂದು ಹೇಳಿದರು. ಆಕೆಗೆ ಬರುತ್ತಿದ್ದ ಕನ್ನಡವೆಲ್ಲ ಹಸುವಿನ ಕೊಟ್ಟಿಗೆಯ ಕಡೆಯಿಂದ ಕೇಳಿಸಿಕೊಂಡದ್ದು ಎಂಬ ಸಂಗತಿ ಆ ಹೊತ್ತಿಗೆ ಕಚೇರಿಗೆ ತಿಳಿದಿರಲಿಲ್ಲ.

‘ವಿವಾಹವು ನೈಜವೆಂದು ಕಂಡುಬರುವುದಿಲ್ಲ’ ಎಂದು ಕರಡು ಸಿದ್ಧವಾಯಿತು. ಸಾಕ್ಷಿಯ ಹೇಳಿಕೆಯೊಂದು ಬಾಕಿ ಇದ್ದದ್ದರಿಂದ ಪಡಸಾಲೆಯ ಬೆಂಚಿನ ಮೇಲಿದ್ದ ಅನಸೂಯಮ್ಮನವರನ್ನು ಒಳಗೆ ಕರೆಯಲಾಯಿತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಸೊಸೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅನಸೂಯಮ್ಮನವರು ಅತ್ತ ನೋಡದೆ ಬಂದು ಕೂತರು.

“ಈಕೆ ನಿಮ್ಮ ಸೊಸೆಯೇನಮ್ಮ?”

“ನನ್ ಸೊಸೆ ಅಂತ ನಾನು ಯಾವತ್ತೂ ಒಪ್ಪಿಲ್ಲ ಸ್ವಾಮಿ.”

ಸಮಯ ಹನ್ನೊಂದು ಹತ್ತು. ಅಧಿಕಾರಿಗಳಿಗೆ ಕೆಲಸ ಮುಗಿದಂತಾಗಿ, ನಮೂನೆಯ ಕೊನೆಯ ಕಲಮು ಖಾಲಿ ಬಿಡಬಾರದೆಂಬ ಒಂದೇ ಕಾರಣಕ್ಕೆ, “ಯಾಕೆ ಒಪ್ಪಿಲ್ಲ?” ಎಂದು ಕೇಳಿದರು.

“ಯಾಕಾ? ಮುದ್ದೇನ ಅಗೀತಾಳೆ ಸ್ವಾಮಿ! ನುಂಗದು ಅಂತ ತೋರ್ಸ್ಕೊಟ್ರೂ ಅಗೀತಾಳೆ. ಕೊಬ್ರಿಗೆ ಅಂತ ಮಡಗಿದ್ ಕಾಯೆಲ್ಲ ವಡ್ದು ಆಲು ಹಿಂಡ್ತಾಳೆ. ಎಲ್ಲದ್ಕೂ ಹುಳಿ ವಿನೆಗ್ರು ಉಯ್ತಾಳೆ. ನೆನ್ನೆ ಉಳ್ಳಿಕಾಳ್ ಸಾರಿಗೂ ಉಯ್ದವ್ಳೆ. ಅದು ಉಳ್ಳಿಕಾಳೋ ಅವರೆಕಾಳೋ ಅಂತ ಇವ್ನಿಗೆ ಗೊತ್ತಾಗ್ನಿಲ್ಲ, ಮೊಬೈಲ್ ನೋಡ್ಕಂಡು ಉಂಡ.”

ಬೆರಳಚ್ಚುಗಾರ್ತಿ ಸ್ನೇಹಲತಾ ಅವರು ಇಲ್ಲಿ ತಲೆಯೆತ್ತಿ ಅಧಿಕಾರಿಗಳ ಮುಖ ನೋಡಿದರು.

“ಆಮೇಲೆ ಬಲಕ್ಕೆ, ಗ್ವಾಡೆ ಕಡೆ ಮನಗ್ತಾಳೆ. ಐದ್ ಗಂಟ್ಗೆ ಏಳೋವಾಗ ಇವ್ನ ಕಾಲ್ ತುಳ್ಕಂಡೇ ಇಳೀತಾಳೆ. ಇವ್ನು ಅಮ್ಮಾ ಅಂತಾನೆ. ನಂಗ್ ಎಚ್ರ ಆಯ್ತದೆ. ದಿನಾ ಇದೇಯ.”

ಕೇಳದಿದ್ದರೂ ಹನ್ನೊಂದು ಪ್ರಶ್ನೆಗಳಿಗೂ ಒಂದೊಂದಾಗಿ ಉತ್ತರ ಬರತೊಡಗಿ, ಎಲ್ಲವೂ ಅರ್ಜಿದಾರರ ಉತ್ತರದೊಡನೆ ತಾಳೆಯಾದವು. ಹುಟ್ಟಿದ ದಿನವೂ ಬಂತು. “ನವೆಂಬರ್ ಇಪ್ಪತ್ತೊಂದು, ರಾಗಿ ಕುಯ್ಲು ಟೈಮು. ಮನೆ ತುಂಬ ಕೆಲ್ಸ. ಇವ್ಳು ಕುಂತ್ಕಂಡು ಶಾವ್ಗೆ ಬೇಯಿಸ್ತಾಳೆ. ಉಟ್ಟಿದ್ ದಿನ ಶಾವ್ಗೆ ತಿಂದ್ರೆ ಆಯಸ್ಸು ಉದ್ದ ಆಯ್ತದಂತೆ, ಮುರೀಬಾರ್ದಂತೆ. ಅಂಗ್ಡಿಲಿ ಸಿಗದು ತುಂಡು ಶಾವ್ಗೆ. ನಾನೇ ಶಾವ್ಗೆ ಒರಳಲ್ಲಿ ಉದ್ದುಕ್ ಒತ್ತಿಕೊಟ್ಟೆ. ಏನ್ ಮಾಡನ, ಉಟ್ಟಿದ್ ದಿನ ಯಾಕೆ ಅಳುಸ್ಬೇಕು?”

ಅನಸೂಯಮ್ಮನವರು ತಾವು ದೂರು ಹೇಳುತ್ತಿರುವುದು ನೆನಪಾಗಿ ಮತ್ತೆ ಶುರುಮಾಡಿದರು.

“ಓದ್ ವರ್ಸ ನಂಗೆ ಚಿಕುನ್‌ಗುನ್ಯಾ ಬಂದು ಕೈ ಎತ್ತಕ್ಕಾಯ್ತಿರ್ನಿಲ್ಲ. ಇವ್ಳೇ ತಲೆ ಬಾಚೋಳು. ನಡು ಬೈತಲೆ ತೆಗ್ಯಕ್ ಬರಕಿಲ್ಲ ಸ್ವಾಮಿ, ಓರೆ ತೆಗೀತಾಳೆ! ಮೂರ್ ತಿಂಗ್ಳು ಓರೆ ಬೈತಲೇಲೇ ಡೈರಿಗೋದೆ. ಊರೋರೆಲ್ಲ ನಗೋರು.”

ಸಮಯ ಹನ್ನೊಂದು ಐವತ್ತು. ಪಂಚಾಕ್ಷರಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡು, ಹೇಳಿಕೆಯನ್ನು ಕ್ರೋಡೀಕರಿಸುವ ಉದ್ದೇಶದಿಂದ, “ಆಯಿತಮ್ಮ, ಇಷ್ಟೆಲ್ಲ ತೊಂದರೆ ಇದೆ ಅಂದಮೇಲೆ ವಾಪಸ್ ಕಳಿಸಿಬಿಡೋಣವೇ?” ಎಂದರು.

ಅನಸೂಯಮ್ಮನವರು ಆಗ ಮೊದಲ ಸಲ ಬಾಗಿಲ ಕಡೆ ನೋಡಿದರು. ಸೊಸೆಯ ಮುಖದಲ್ಲಿ ಬಣ್ಣವಿರಲಿಲ್ಲ. ಅತ್ತೆಯ ಮಾತು ಅವಳಿಗೆ ಪೂರ್ತಿ ಅರ್ಥವಾಗಿತ್ತು. ಇನ್ಯಾರ ಕನ್ನಡವೂ ಅವಳಿಗೆ ಅಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ. ಮೂವತ್ತು ದಿನ ಎಂದು ಮಗ ಹೇಳಿದ್ದು ಅನಸೂಯಮ್ಮನವರಿಗೆ ಆಗ ನಿಜಕ್ಕೂ ಲೆಕ್ಕಕ್ಕೆ ಸಿಕ್ಕಿತು. ರಾಗಿ ಕುಯ್ಲಿಗೆ ಮುಂಚೆಯೇ.

“ಕಳಿಸಕ್ಕೆ ನೀವ್ಯಾರು?” ಎಂದು ಎದ್ದು ನಿಂತರು. “ನಾನು ಬೈತೀನಿ, ನನ್ ಸೊಸೆ, ಬೈತೀನಿ. ನಿಮ್ಗೇನಾಗ್ಬೇಕು ಅವ್ಳು? ಮರಿ, ಏಳವ್ವ ಮ್ಯಾಕೆ. ಓಗನ.”

ಸ್ನೇಹಲತಾ ಅವರು ‘ಏಳವ್ವ ಮ್ಯಾಕೆ’ ಎಂಬುದನ್ನೂ ಟೈಪು ಮಾಡಿದರು. ಸಾಕ್ಷಿಯು ಹನ್ನೊಂದು ಹತ್ತಕ್ಕೆ ಸೊಸೆಯಲ್ಲವೆಂದು, ಹನ್ನೊಂದು ಐವತ್ತೊಂದಕ್ಕೆ ಸೊಸೆಯೆಂದು ಹೇಳಿದ್ದು ಪರಸ್ಪರ ವಿರುದ್ಧವಾದ್ದರಿಂದ ಕಡತವನ್ನು ಮೇಲಕ್ಕೆ ಕಳಿಸಲಾಗಿ, ನಡುವಿನ ನಲವತ್ತೊಂದು ನಿಮಿಷಗಳನ್ನು ಓದಿದ ಮೇಲಧಿಕಾರಿಗಳು ‘ಮಂಜೂರು’ ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದಿರುತ್ತಾರೆ.

ಶಾಂತಿಗ್ರಾಮದ ನಿವಾಸಿಯಾದ ಸ್ನೇಹಲತಾ ಅವರು ಅದೇ ಸಂಜೆಯ ಬಸ್ಸಿನಲ್ಲಿದ್ದು, ದಾರಿಯುದ್ದಕ್ಕೂ ಅತ್ತೆ ಸೊಸೆ ಇಬ್ಬರೂ ಸೇರಿ ಸುದರ್ಶನ್ ಅವರನ್ನು ಬೈದರೆಂದು ಕೇಳದೆಯೇ ವರದಿ ಸಲ್ಲಿಸಿದ್ದಾರೆ. “ಡಿಸೆಂಬರ್ ಅಂತೆ ಅತ್ತೆ, ಡಿಸೆಂಬರ್!” ಎಂದು ಸೊಸೆಯೂ, “ಅವ್ರಪ್ಪನೂ ಇಂಗೇಯ ಇದ್ದಿದ್ದು ಕಣವ್ವ” ಎಂದು ಅತ್ತೆಯೂ ನುಡಿದಿರುವುದು ವರದಿಯಲ್ಲಿದೆ.

ಮೇಲ್ಕಂಡ ಸಂಗತಿಗಳ ಹಿನ್ನೆಲೆಯಲ್ಲಿ, ಇಂತಹ ಪ್ರಕರಣಗಳು ಮರುಕಳಿಸಿದಾಗ ಸಿಬ್ಬಂದಿಯು ಗಾಬರಿಯಾಗದಂತೆ ಕೆಳಗಿನ ಸೂಚನೆಗಳನ್ನು ಜಾರಿಗೊಳಿಸಲಾಗಿದೆ:

೧. ವಿವಾಹಾಧಾರಿತ ಅರ್ಜಿದಾರರು ಸಂದರ್ಶನಕ್ಕೆ ಒಬ್ಬ ಅತ್ತೆಯವರನ್ನು, ಮೂಲಪ್ರತಿಯಲ್ಲಿ, ಹಾಜರುಪಡಿಸತಕ್ಕದ್ದು. ನಕಲು ಅತ್ತೆಯವರನ್ನು ದೃಢೀಕರಿಸಿದ್ದರೂ ಸ್ವೀಕರಿಸಲಾಗುವುದಿಲ್ಲ.

೨. ಅತ್ತೆಯವರು ‘ಬಂಗಾರದಂಥ ಸೊಸೆ’ ಎಂದು ಹೇಳಿದ್ದೇ ಆದಲ್ಲಿ ವಿವಾಹವನ್ನು ಶಂಕಾಸ್ಪದವೆಂದು ಪರಿಗಣಿಸಿ ಹೆಚ್ಚಿನ ತನಿಖೆಗೆ ಒಳಪಡಿಸತಕ್ಕದ್ದು.

೩. ದೂರುಗಳು ಹನ್ನೆರಡಕ್ಕೆ ಕಡಿಮೆಯಿರಬಾರದು. ಅವುಗಳಲ್ಲಿ ಮೂರಾದರೂ ಒಂದೇ ಸೂರಿನಡಿ ಇದ್ದವರಿಗೆ ಮಾತ್ರ ಹೊಳೆಯುವಂಥವಾಗಿರಬೇಕು. ಪಕ್ಕದ ಮನೆಯವರಿಂದ ಕಡ ತಂದ ದೂರುಗಳನ್ನು ತಿರಸ್ಕರಿಸಲಾಗುವುದು.

೪. ಅತ್ತೆಯವರು ಇಲ್ಲದವರ ವಿಷಯದಲ್ಲಿ ಇಬ್ಬರು ನಾದಿನಿಯರನ್ನು ಒಬ್ಬ ಅತ್ತೆಗೆ ಸಮವೆಂದು ಎಣಿಸುವುದು. ನಾದಿನಿಯರೂ ಇಲ್ಲದವರು ಕಚೇರಿಯನ್ನು ಒತ್ತಾಯಿಸಬಾರದು. ಕಚೇರಿಯಲ್ಲಿ ಅತ್ತೆಯರ ದಾಸ್ತಾನು ಇರುವುದಿಲ್ಲ.

೫. ಮಂಚದ ಎಡ ಬಲವೆಂಬ ಪ್ರಶ್ನೆಯನ್ನು ಕೈಬಿಟ್ಟು ‘ಗೋಡೆ ಕಡೆಯೋ ಬಾಗಿಲ ಕಡೆಯೋ’ ಎಂದು ತಿದ್ದಲಾಗಿದೆ. ಮಂಚವು ಕೋಣೆಯ ನಡುವೆ ಇರುವವರು ಅರ್ಜಿ ಇತ್ಯರ್ಥವಾಗುವವರೆಗೆ ಅದನ್ನು ಗೋಡೆಗೆ ಸರಿಸತಕ್ಕದ್ದು.

೬. ಮುದ್ದೆ ಅಗಿಯುವುದು ಖಂಡನೀಯವೇ ಆದರೂ ಪರವಾನಗಿ ನಿರಾಕರಿಸಲು ಅದೊಂದೇ ಸಾಲದು. ಅಂದು ಅನಸೂಯಮ್ಮನವರು ಬುತ್ತಿಯಲ್ಲಿ ತಂದಿದ್ದ ಮುದ್ದೆಯನ್ನು ಊಟದ ವಿರಾಮದಲ್ಲಿ ಹಂಚಿಕೊಂಡ ಸಿಬ್ಬಂದಿಯು, ತಾವು ನುಂಗಿದೆವೋ ಅಗಿದೆವೋ ಎಂಬ ಬಗ್ಗೆ ಮೂರು ದಿನದೊಳಗೆ ಲಿಖಿತ ವಿವರಣೆ ನೀಡುವುದು.

೭. ಹೆಂಡತಿಯ ಹುಟ್ಟಿದ ದಿನ ಮರೆತವನು ಗಂಡನಲ್ಲವೆಂದು ಇನ್ನು ಮುಂದೆ ತೀರ್ಮಾನಿಸಕೂಡದು. ಪ್ರಾಯೋಗಿಕವಾಗಿ ಇದೇ ಕಚೇರಿಯ ಏಳು ಮಂದಿ ವಿವಾಹಿತ ಪುರುಷ ಸಿಬ್ಬಂದಿಗೆ ಅದೇ ಹನ್ನೊಂದು ಪ್ರಶ್ನೆ ಕೇಳಲಾಗಿ, ಗರಿಷ್ಠ ನಾಲ್ಕು, ಕನಿಷ್ಠ ಒಂದು ತಾಳೆಯಾಗಿರುತ್ತವೆ. ಕನಿಷ್ಠವು ಈ ಸುತ್ತೋಲೆಗೆ ಸಹಿ ಮಾಡಿದವರದು. ಸದರಿ ಏಳು ವಿವಾಹಗಳೂ ಮುಂದಿನ ಆದೇಶದವರೆಗೆ ಊರ್ಜಿತದಲ್ಲಿರುತ್ತವೆ.

೮. ಹನ್ನೊಂದಕ್ಕೆ ಹನ್ನೊಂದೂ ಸರಿ ಹೇಳಿದ ಗಂಡನನ್ನು ಪ್ರತ್ಯೇಕ ಕೊಠಡಿಯಲ್ಲಿ ಕೂರಿಸಿ, ಯಾರು ಹೇಳಿಕೊಟ್ಟರೆಂದು ವಿಚಾರಿಸತಕ್ಕದ್ದು.

೯. ಕನ್ನಡ ಪರೀಕ್ಷೆಯ ವೇಳೆ ಅಧಿಕಾರಿಗಳು ನಿಂತಿರಬಾರದು. ‘ಎಮ್ಮೆ’ ಎಂಬ ಪದ ಕೇಳಿಬಂದಲ್ಲಿ ಅದನ್ನು ವ್ಯಾಕರಣದ ದೃಷ್ಟಿಯಿಂದ ಮಾತ್ರ ನೋಡತಕ್ಕದ್ದು.

೧೦. ಬೈತಲೆಯು ನಡುವಿನದೋ ಓರೆಯದೋ ಎಂದು ಅಳೆಯುವ ಸಾಧನ ಸರಬರಾಜಾಗುವವರೆಗೆ ಸ್ನೇಹಲತಾ ಅವರ ಕಣ್ಣಂದಾಜೇ ಅಂತಿಮ.

ಇವುಗಳನ್ನು ಪಾಲಿಸದ ಸಿಬ್ಬಂದಿಯನ್ನು ನಲವತ್ತೊಂದು ನಿಮಿಷಗಳ ಕಾಲ ಅನಸೂಯಮ್ಮನವರ ಎದುರು ಕೂರಿಸಲಾಗುವುದು.

ಸಹಿ/-
(ಪಂಚಾಕ್ಷರಯ್ಯ)
ಪರಿಶೀಲನಾಧಿಕಾರಿ

ಪ್ರತಿಗಳು:
೧. ವಿಭಾಗದ ಎಲ್ಲ ವಿವಾಹಿತ ಸಿಬ್ಬಂದಿಗೆ, ಮನೆಗೆ ಒಯ್ಯದಿರುವ ಷರತ್ತಿನ ಮೇಲೆ.
೨. ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಸೂಚನಾ ಫಲಕಗಳಿಗೆ, ಫಲಕವಿದ್ದಲ್ಲಿ.
೩. ಶ್ರೀ ಸುದರ್ಶನ್ ಅವರಿಗೆ, ‘ನವೆಂಬರ್ ಇಪ್ಪತ್ತೊಂದು’ ಎಂದು ನೂರು ಬಾರಿ ಬರೆದು ಹಿಂದಿರುಗಿಸಲು.
೪. ಶ್ರೀಮತಿ ಅನಸೂಯಮ್ಮನವರಿಗೆ. ಸದರಿಯವರ ಕಣ್ಣಿನ ಪೊರೆ ಬಲಿತಿರುವುದರಿಂದ ಈ ಸುತ್ತೋಲೆಯನ್ನು ಸೊಸೆಯು ಓದಿ ಹೇಳತಕ್ಕದ್ದು. ಸೊಸೆಗೆ ಕನ್ನಡ ಅಕ್ಷರ ಬಾರದಿರುವುದರಿಂದ ಅತ್ತೆಯವರು ಮೊದಲು ಕಲಿಸತಕ್ಕದ್ದು. ಕಾಲಾವಕಾಶ: ಐದು ವರ್ಷ. ಸಾಲದಿದ್ದಲ್ಲಿ ವಿಸ್ತರಿಸಲಾಗುವುದು.