ನಾನು ಬೈಯದೇ ಇದ್ದ ದಿನ

ಹಿಟ್ಟು ಮತ್ತು ಸಿಟ್ಟು, ಈ ಎರಡರಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಹಿಟ್ಟಿನ ಗಿರಣಿ ನಡೆಸುವವನು ಪಿಸುಮಾತಿನಲ್ಲಿ ಬದುಕಲು ಆಗುತ್ತದೆಯೇ, ನೀವೇ ಹೇಳಿ. ಯಂತ್ರ ಒಂದು ಕೂಗು ಕೂಗಿದರೆ ನಾನು ಎರಡು ಕೂಗಬೇಕು. ಹೀಗೆ ಕೂಗಿ ಕೂಗಿ, ಈಗ ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯವರು ಕಿಟಕಿ ತೆರೆದು ನೋಡುತ್ತಾರೆ. (ಎದುರು ಮನೆಯವರು ಒಮ್ಮೆ ಉಪ್ಪು ತಂದೇ ಕೊಟ್ಟರು.) ಇದಕ್ಕೆ ನನ್ನ ಹೆಂಡತಿ ಇಟ್ಟಿರುವ ಹೆಸರು ‘ಕೆಟ್ಟ ಬಾಯಿ’.

ತಂಗಿಯ ಹುಟ್ಟುಹಬ್ಬದ ಬೆಳಿಗ್ಗೆ ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ರೀ, ಇವತ್ತೊಂದು ದಿನ ಅವಳ ಮೇಲೆ ರೇಗಬೇಡಿ. ಕೈ ಮುಗೀತೀನಿ.”

“ನಾನ್ಯಾವಾಗ ರೇಗಿದೀನಿ?” ಎಂದು ರೇಗಿದೆ.

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ತಂಗಿ ಆಸ್ಪತ್ರೆಯಿಂದ ನಮ್ಮ ಮನೆಗೆ ಬಂದು ಒಂದು ವಾರವಾಗಿತ್ತು. ವಾಸಿಯಾಗಿ ಬಂದಿರಲಿಲ್ಲ. ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ, ಇರುವಷ್ಟು ದಿನ ಮನೆಯಲ್ಲಿ ಸಂತೋಷವಾಗಿ ಇಟ್ಟುಕೊಳ್ಳಿ ಎಂದು ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು ಹೇಳಿದ್ದರು. ಅವಳಿಗೆ ಮಾತ್ರ, ಸ್ವಲ್ಪ ಶಕ್ತಿ ಬಂದ ಮೇಲೆ ಮತ್ತೆ ಔಷಧ ಶುರು ಮಾಡುತ್ತಾರಂತೆ ಎಂದಿದ್ದೆವು.

ಸರಿ, ಶಾಂತಮೂರ್ತಿಯಾಗುವ ಸಂಕಲ್ಪ ಮಾಡಿದೆ. ಮೊದಲ ಅಭ್ಯಾಸ ಗಿರಣಿಯಲ್ಲೇ. ಗೋಧಿ ತಂದಿದ್ದ ಅಜ್ಜಿಗೆ, “ಬನ್ನಿ ತಾಯಿ, ದಯಮಾಡಿ ಆಸನ ಸ್ವೀಕರಿಸಿ” ಎಂದೆ. ಅಜ್ಜಿ ನನ್ನ ಮುಖವನ್ನೇ ನೋಡಿ, ಡಬ್ಬವನ್ನು ಎದೆಗವಚಿಕೊಂಡು, “ಇವತ್ತು ತೂಕದಲ್ಲಿ ಏನೋ ಮಾಡೋನಿದೀಯ ನೀನು” ಎಂದು ಹೊರಟೇಹೋದರು.

ಮಧ್ಯಾಹ್ನ ಗಿರಣಿ ಮುಚ್ಚಿ, ಹುಬ್ಬಿನ ಹಿಟ್ಟು ತೊಳೆದು, ಮಿರಮಿರನೆ ಮಿಂಚುವ ಹೊಸ ಅಂಗಿ ತೊಟ್ಟು, ಕೇಕು ಹಿಡಿದು ತಂಗಿಯ ಕೋಣೆಗೆ ಹೋದೆ. ದಿಂಬಿಗೆ ಒರಗಿ ಕೂತಿದ್ದಳು. ಎಂದಿನ ‘ಏ ಕೋತಿ’ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

“ಹೇಗಿದೀಯ ಪುಟ್ಟಮ್ಮ?”

ಅವಳು ನನ್ನನ್ನೇ ನೋಡಿದಳು. “ಈ ಅಂಗೀಲಿ ಬ್ಯಾಂಡ್ ಬಾರಿಸೋನ ಥರ ಕಾಣ್ತೀಯ.”

“ಪರವಾಗಿಲ್ಲಮ್ಮ.”

“ಕೇಕು ಒಣಕಲು. ಅಗ್ಗದ್ದು ನೋಡಿ ತಂದಿದೀಯ.”

(ದೊಡ್ಡ ಬೇಕರಿಯದು! ಬಿಸಿಲಲ್ಲಿ ನಿಂತು ತಂದದ್ದು! ನೆತ್ತಿಗೇರಿದ ರಕ್ತವನ್ನು ಬೇಡಿಕೊಂಡು ಕೆಳಗಿಳಿಸಿದೆ.) “ಬೇರೆ ತರ್ತೀನಿ ಬಿಡಮ್ಮ.”

ಅವಳು ಪಕ್ಕದಲ್ಲಿದ್ದ ಹಾಲಿನ ಲೋಟ ಎತ್ತಿದಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಹೊಸ ಅಂಗಿಯ ಮೇಲೆ ನಿಧಾನವಾಗಿ ಬಗ್ಗಿಸಿದಳು.

“ಅಯ್ಯೋ, ಕೈ ಜಾರ್ತು.”

ಹಾಲು ಹೊಟ್ಟೆಯವರೆಗೂ ಇಳಿಯಿತು. “ಪರವಾಗಿಲ್ಲ ಪುಟ್ಟಮ್ಮ, ತಣ್ಣಗೆ ಹಿತವಾಗೇ ಇದೆ” ಎಂದೆ. ನಾಲ್ಕನೇ ಕ್ಲಾಸು ದಾಟಲಾಗದವನು ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು! ಮೆಚ್ಚುಗೆಗಾಗಿ ಅವಳ ಮುಖ ನೋಡಿದೆ.

ಅವಳ ಕಣ್ಣು ತುಂಬಿತ್ತು.

“ಅಣ್ಣಾ, ಡಾಕ್ಟ್ರು ಏನಂದ್ರು?”

“ಏನಂತಾರೆ? ಶಕ್ತಿ ಬರ್ಲಿ ಅಂದ್ರು.”

“ಅಪ್ಪ ಹೋದ ದಿನ ನನ್ನ ಕರ್ಕೊಂಡು ಹೋಗೋಕೆ ಸ್ಕೂಲಿಗೆ ಬಂದಿದ್ದೆ. ಗೇಟ್ ಹತ್ರ ನಿಂತು ‘ಬಾ ಪುಟ್ಟಮ್ಮ’ ಅಂದೆ. ಆಮೇಲೆ ಇವತ್ತೇ ನೀನು ನನ್ನ ಹಾಗೆ ಕರೀತಿರೋದು.”

ಬೈದಾದರೂ ಸುಳ್ಳನ್ನು ಉಳಿಸಿಕೊಳ್ಳೋಣವೆಂದು “ಏ ಕೋ...” ಎಂದೆ. ಅಷ್ಟಕ್ಕೇ ಅಳು ನುಗ್ಗಿತು. ಅವಳ ಹೊದಿಕೆಯಲ್ಲಿ ಮುಖ ಹುದುಗಿಸಿದೆ. ಅವಳೂ ಅತ್ತಳು. ಅಳುತ್ತಲೇ ನನ್ನ ತಲೆ ಸವರಿದಳು.

“ನಂಗೆ ಗೊತ್ತಾಯ್ತು ಅಂತ ಅತ್ತಿಗೆಗೆ ಹೇಳ್ಬೇಡ. ಪಾಪ, ನನ್ನ ಮುಂದೆ ನಗ್ತಾ ಇರೋಕೆ ಎಷ್ಟು ಕಷ್ಟಪಡ್ತಿದಾರೆ. ಗೊತ್ತಾದ್ರೆ ಅದೂ ಆಗಲ್ಲ ಅವರ ಕೈಲಿ.”

ಅಷ್ಟರಲ್ಲಿ ಹೆಂಡತಿ ತಟ್ಟೆ, ಚಾಕು ಹಿಡಿದು ಬಂದಳು. ತಂಗಿಯ ಒದ್ದೆ ಕಣ್ಣು ನೋಡಿದಳು. ನನ್ನ ಕೆಂಪು ಮುಖ ನೋಡಿದಳು.

“ಏನಾಯ್ತು?”

ನಾನು ತಡವರಿಸುವಷ್ಟರಲ್ಲಿ ತಂಗಿ, “ಇನ್ನೇನಾಗತ್ತೆ ಅತ್ತಿಗೆ? ಹಾಲು ಚೆಲ್ಲಿದೆ ಅಂತ ಬೈದ” ಎಂದಳು.

“ಬೈದ್ರಾ? ಇವತ್ತೂ ಬೈದ್ರಾ? ಅದು ನಾಲಿಗೇನಾ, ಗಿರಣಿ ಬೆಲ್ಟಾ? ಅಷ್ಟು ಕೈ ಮುಗಿದು ಹೇಳಿದ್ನಲ್ರೀ! ಅಂಗಿ ದೊಡ್ಡದಾ, ತಂಗಿ ದೊಡ್ಡವಳಾ?”

ನಾನು ಹಾಲಿನಲ್ಲಿ ನೆನೆದ ಅಂಗಿಯಲ್ಲಿ ತಲೆ ತಗ್ಗಿಸಿ ನಿಂತೆ. ಜೀವಮಾನದಲ್ಲಿ ನಾನು ಬೈಯದೇ ಇದ್ದದ್ದು ಅದೊಂದೇ ದಿನ. ಜೀವಮಾನದಲ್ಲೇ ಅತಿ ಹೆಚ್ಚು ಬೈಸಿಕೊಂಡದ್ದೂ ಅಂದೇ. ಬೈದಿಲ್ಲ ಕಣೇ ಎಂದು ಒಂದು ಮಾತು ಹೇಳುವ ಹಾಗಿರಲಿಲ್ಲ.

ಹೆಂಡತಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು.

“ಅಷ್ಟೇನಾ ಅತ್ತಿಗೆ?” ಎಂದಳು ತಂಗಿ, ಕಣ್ಣೊರೆಸಿಕೊಂಡು ಕೇಕಿನ ಚೂರು ಮುರಿಯುತ್ತ. “ಇನ್ನೊಂಚೂರು ಬೈರಿ. ಇವನು ಬೈಸ್ಕೊಳೋದು ನೋಡ್ಬೇಕು ಅಂತ ಎಷ್ಟು ವರ್ಷದಿಂದ ಆಸೆ ನಂಗೆ.”

ಹೆಂಡತಿ ಮತ್ತೆ ಶುರು ಮಾಡಿದಳು. ತಂಗಿ ನಕ್ಕಳು. ನಾನು ಕೈಕಟ್ಟಿ ನಿಂತೇ ಇದ್ದೆ, ಆ ಬೈಗುಳ ಮುಗಿಯದಿರಲಿ ಎಂದುಕೊಳ್ಳುತ್ತ.