ಪದಕಗಳ ಕಾಲಮ್ಮಿನಲ್ಲಿ ‘ನಿಲ್’

ಮಿಲಿಟರಿಯಲ್ಲಿ ಹದಿನೇಳು ವರ್ಷ ದುಡಿದವನಿಗೆ ಒಂದು ಪುಸ್ತಕದ ಒಂದು ಸಾಲು ತಿದ್ದಿಸುವುದು ಯಾವ ಮಹಾ ಕೆಲಸ? ಹದಿನೈದು ದಿನ ಸಾಕು ಅಂದುಕೊಂಡೆ. ಹೆಂಡತಿ ಗಂಗಮ್ಮನಿಗೂ ಹಾಗೇ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಾ ‘ಹೂಂ’ ಅಂದಳು. ಅವಳ ‘ಹೂಂ’ ಒಪ್ಪಿಗೆಯಲ್ಲ ಅಂತ ಗೊತ್ತಾಗುವಷ್ಟು ವರ್ಷ ನಾನು ಮನೆಯಲ್ಲಿ ಇದ್ದವನಲ್ಲ.

ಆ ಪುಸ್ತಕ ನನ್ನ ಡಿಸ್ಚಾರ್ಜ್ ಪುಸ್ತಕ. ನಾನು ಸೈನ್ಯಕ್ಕೆ ಸೇರಿದ್ದು, ಬಿಟ್ಟದ್ದು, ನನ್ನ ಎತ್ತರ, ಎದೆಯ ಅಳತೆ, ಎಡಗೆನ್ನೆಯ ಮಚ್ಚೆ ಎಲ್ಲವೂ ಅದರಲ್ಲಿವೆ. ಮಚ್ಚೆಯನ್ನು ಮರೆಯದ ಗುಮಾಸ್ತ ಎರಡು ಯುದ್ಧದ ಎರಡು ಪದಕಗಳನ್ನು ಮರೆತಿದ್ದ. ಪದಕಗಳ ಕಾಲಮ್ಮಿನಲ್ಲಿ ಇಂಗ್ಲಿಷಿನಲ್ಲಿ ‘ನಿಲ್’, ಅಂದರೆ ಏನೂ ಇಲ್ಲ, ಎಂದು ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದ. ಅವನನ್ನು ಬೈಯೋಣವೆಂದರೆ, ‘ಎಲ್ಲವನ್ನೂ ಓದಿ ನೋಡಿದ್ದೇನೆ, ಸರಿಯಾಗಿದೆ’ ಎಂಬ ಸಾಲಿನ ಕೆಳಗೆ ನನ್ನದೇ ರುಜು! ಅವತ್ತು ಊರಿಗೆ ಬರುವ ರೈಲಿಗೆ ಹೊತ್ತಾಗಿತ್ತು. ಓದದೆ ರುಜು ಹಾಕಿ ಓಡಿದ್ದೆ.

ಪುಸ್ತಕ ಟ್ರಂಕಿನಲ್ಲೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಾಜಿ ಸೈನಿಕರಿಗೆ ನಿವೇಶನ ಕೊಡುತ್ತಾರೆಂದು ಹರಪನಹಳ್ಳಿಯ ಕಚೇರಿಗೆ ಒಯ್ದೆ. ಅಲ್ಲಿದ್ದವರು ಪುಟ ತಿರುವಿ, ಕನ್ನಡಕ ಹಣೆಗೇರಿಸಿ, ನೀವು ಯುದ್ಧಕ್ಕೇ ಹೋಗಿಲ್ಲವೇ ಅಂತ ವರಾಂಡಕ್ಕೆಲ್ಲ ಕೇಳುವ ಹಾಗೆ ಕೇಳಿದರು. ಅವತ್ತು ಸಂತೆ. ನಾನು ಬಸ್ಸಿಳಿಯುವ ಮೊದಲೇ ಸುದ್ದಿ ಅದೇ ತಾಲೂಕಿನ ನಮ್ಮೂರು ಅರಸೀಕೆರೆಯಲ್ಲಿ ಇಳಿದಿತ್ತು. ನಾನು ಬಂದೂಕು ಹಿಡಿದವನಲ್ಲ, ಮಿಲಿಟರಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವನು ಅಂತ ತೀರ್ಮಾನವಾಯಿತು. ಚಹಾದಂಗಡಿಯವನು ಕೆಟಲ್ ನನ್ನ ಕಡೆ ತಳ್ಳಿ, ‘ಹವಾಲ್ದಾರ್ರ, ನೀವ ಮಾಡ್ರಿ, ನಿಮ್ಮ ಕೈ ಪಳಗಿದ್ದು’ ಅಂದ. ಮಾಡಿಕೊಟ್ಟೆ. ಚೆನ್ನಾಗೇ ಆಗಿತ್ತು, ಅದೂ ಒಂದು ಸಾಕ್ಷಿಯಾಯಿತು.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾರದ್ದು ನೀಲಗುಂದದಲ್ಲಿತ್ತು.

ಅಲ್ಲಿ ಉಚ್ಚಂಗೆವ್ವ ಇದ್ದಾಳೆ. ಆಕೆಯ ಒಬ್ಬನೇ ಮಗ ಭೀಮಪ್ಪ ಮತ್ತು ನಾನು ಒಂದೇ ದಿನ ಸೈನ್ಯಕ್ಕೆ ಸೇರಿದವರು. ಎಪ್ಪತ್ತೊಂದರ ಯುದ್ಧದಲ್ಲಿ ಒಂದು ಕಾಲುವೆಯ ದಂಡೆಯ ಮೇಲೆ ಅವನಿಗೆ ಗುಂಡು ಬಿತ್ತು. ನನ್ನ ಬಾಟಲಿಯಿಂದ ಎರಡು ಗುಟುಕು ನೀರು ಕುಡಿದ, ಮೂರನೆಯದು ಹೊರಗೆ ಬಂತು. ಹಿಂದೆ ಸರಿಯಿರಿ ಎಂದು ಹುಕುಂ ಆಯಿತು, ಹೆಣ ಅಲ್ಲೇ ಉಳಿಯಿತು. ಮನೆಗೆ ಹೋದ ತಂತಿಯಲ್ಲಿ ‘ಕಾಣೆಯಾಗಿದ್ದಾನೆ’ ಅಂತಷ್ಟೇ ಇತ್ತು. ಸತ್ತ ಅಂತ ಹೇಳಿದವನು ನಾನು. ರಜೆಗೆ ಬಂದಾಗ ಆಕೆಯ ಕಟ್ಟೆಯ ಮೇಲೆ ಕೂತು, ನೀರು ಕುಡಿಸಿದ್ದನ್ನೂ ಸೇರಿಸಿ ಹೇಳಿದೆ. ನನ್ನ ಮಾತು ನಂಬಿ ಆಕೆ ಹಿರಿಯರ ಹಬ್ಬಕ್ಕೆ ಮಗನ ಹೆಸರಲ್ಲಿ ಎಡೆ ಇಡತೊಡಗಿದಳು. ನಾನು ಊರಲ್ಲಿದ್ದರೆ ತಪ್ಪದೆ ಕರೆಸಿ ಹೋಳಿಗೆ ಬಡಿಸುತ್ತಿದ್ದಳು.

ನನ್ನ ಕಾಲಮ್ಮಿನ ಸುದ್ದಿ ಹಬ್ಬಿದ ವರ್ಷ ಕರೆ ಬರಲಿಲ್ಲ. ನಾನೇ ಹೋದೆ. ಮನೆಯಲ್ಲಿ ಎಡೆಯೂ ಇರಲಿಲ್ಲ.

‘ಯುದ್ಧಕ್ಕ ನೀ ಹೋಗಿಲ್ಲಂತಲ್ಲಪ್ಪ?’ ಅಂತ ಕೇಳಿದಳು.

ಆಕೆ ಕೇಳಿದ್ದು ಮೆಲ್ಲಗೆ. ಸಿಟ್ಟು ನೆತ್ತಿಗೇರಿದ್ದು ನನಗೆ. ಸಾಯುವವನಿಗೆ ನೀರು ಕುಡಿಸಿದ್ದೂ ಸುಳ್ಳು ಅಂತಾದರೆ ನಾನು ಬದುಕಿ ಏನು ಪ್ರಯೋಜನ? ‘ಸರ್ಕಾರದ ಕಾಗದಾನ ತಂದು ತೋರಸ್ತೀನಿ ಯವ್ವಾ’ ಅಂತ ಎದೆ ಮುಟ್ಟಿಕೊಂಡು ಹೇಳಿದೆ. ‘ಅವಸರ ಏನೈತಪ್ಪ’ ಅಂದಳು. ನನ್ನ ಮರ್ಯಾದೆ ಕಾಯಲು ಹಾಗನ್ನುತ್ತಾಳೆ ಅಂತ ನನಗನ್ನಿಸಿತು.

ಹೀಗೆ ನನ್ನ ಎರಡು ಯುದ್ಧಗಳ ನಂತರದ ಮೂರನೆಯದು ಆರಂಭವಾಯಿತು. ಶೀಘ್ರ ವಿಜಯಕ್ಕಾಗಿ ನಾಲ್ಕು ಕಚೇರಿಗಳಿಗೆ ಒಂದೇ ದಿನ ಒಂದೇ ಅರ್ಜಿ ರಿಜಿಸ್ಟರ್ ಮಾಡಿ ಕಳಿಸಿದೆ. ಒಂದಲ್ಲ ಒಂದು ಹತ್ತೀತು ಎಂಬ ಯುದ್ಧತಂತ್ರ! ನಾಲ್ಕೂ ಕಚೇರಿಗಳು ತಮಗೆ ಬಂದ ಅರ್ಜಿಯನ್ನು ಉಳಿದ ಮೂರಕ್ಕೆ ಕಳಿಸಿ, ಉತ್ತರ ಬಂದ ಮೇಲೆ ತಿಳಿಸುತ್ತೇವೆ ಅಂತ ನನಗೆ ಬರೆದವು. ಎಂಟು ತಿಂಗಳು ನನ್ನ ಅರ್ಜಿ ದೇಶ ಸುತ್ತಿತು. ನಾನು ಸೇವೆಯಲ್ಲಿದ್ದಾಗಲೂ ಅಷ್ಟು ಸುತ್ತಿರಲಿಲ್ಲ.

ಕೊನೆಗೆ ಒಂದು ಕಚೇರಿಗೆ ಕನಿಕರ ಬಂತು. ಪದಕದ ಅಂಚಿನ ಮೇಲೆ ನಿಮ್ಮ ನಂಬರು, ಹೆಸರು ಸಣ್ಣಗೆ ಕೆತ್ತಿರುತ್ತದೆ, ಪದಕಗಳನ್ನು ಬಳ್ಳಾರಿಯ ಸೈನಿಕ ಕಚೇರಿಯ ಸಾಹೇಬರಿಗೆ ತೋರಿಸಿ, ನಿಮ್ಮವೇ ಅಂತ ಬರೆಸಿಕೊಂಡು ಬನ್ನಿ ಅಂದರು. ಗೆದ್ದೆ ಅಂದುಕೊಂಡೆ. ಆದರೆ ಟ್ರಂಕಿನ ತಳದಲ್ಲಿ ಬಿದ್ದು ಕಪ್ಪಿಟ್ಟ ಪದಕಗಳನ್ನು ಸಾಹೇಬರ ಮುಂದೆ ಹಿಡಿಯುವುದು ಸೈನಿಕನಿಗೆ ಶೋಭೆಯೇ? ಹರಪನಹಳ್ಳಿಯ ಪತ್ತಾರ ಮೌನೇಶಪ್ಪನಿಗೆ ಕೊಟ್ಟು, ಫಳಫಳ ಅನ್ನಬೇಕು, ಒಂದು ಗೀರೂ ಉಳಿಯಕೂಡದು ಅಂತ ಆರ್ಡರ್ ಮಾಡಿದೆ. ಮೌನೇಶಪ್ಪ ನಿಯತ್ತಿನ ಮನುಷ್ಯ. ಒಂದು ಗೀರೂ ಉಳಿಸಲಿಲ್ಲ. ಅಂಚನ್ನು ಅರದಿಂದ ಉಜ್ಜಿ ಅಂಗೈಯಷ್ಟು ನುಣುಪು ಮಾಡಿ, ‘ಸುತ್ಲೂ ಏನೇನೋ ಗೀಚಿತ್ರಿ, ಎಲ್ಲಾ ತಗದೀನಿ’ ಅಂತ ಹೆಮ್ಮೆಯಿಂದ ಕೈಗಿಟ್ಟ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಕಲ್ಲಂಗಡಿಯ ಹಾಗೆ ಬೆಳೆದ ನನ್ನ ತಲೆಯದೇ ತಪ್ಪು.

ಬಳ್ಳಾರಿಯಲ್ಲಿ ಸಾಹೇಬರು ಪದಕಗಳನ್ನು ತಿರುಗಿಸಿ ನೋಡಿ, ಪುಸ್ತಕದಲ್ಲಿ ಇಲ್ಲದ, ಹೆಸರೂ ಇಲ್ಲದ ಪದಕ ನಿಮ್ಮ ಹತ್ತಿರ ಹೇಗೆ ಬಂತು ಅಂತ ಕೇಳಿದರು. ಹೆಸರು ಅಳಿಸಿದ್ದು ಯಾಕೆ ಅಂತಲೂ ಕೇಳಿದರು. ಹೋಗುವಾಗ ಯುದ್ಧ ನೋಡದವನಾಗಿದ್ದೆ, ಬರುವಾಗ ಪದಕ ಕದ್ದವನೂ ಆದೆ!

ಗಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಅಂದಳು: ‘ಆಕಿ ಕಾಗದ ಕೇಳಿಲ್ಲಲ್ರಿ. ಸುಮ್ನ ಬಿಡ್ರಿ.’ ಹೆಂಗಸರಿಗೆ ಮಾನದ ವಿಷಯ ತಿಳಿಯುವುದಿಲ್ಲ ಎಂದು ಅವಳಿಗೆ ಅರ್ಧ ಗಂಟೆ ಉಪದೇಶ ಮಾಡಿದೆ.

ಈ ನಡುವೆ ನೀಲಗುಂದಕ್ಕೆ ಹೋಗುತ್ತಲೇ ಇದ್ದೆ. ನನ್ನ ಕೆಲಸ ಹದಗೆಟ್ಟಷ್ಟೂ ಉಚ್ಚಂಗೆವ್ವ ಲವಲವಿಕೆಯಾಗುತ್ತಿದ್ದಳು. ಗೋಡೆಗೆ ಸುಣ್ಣ ಬಳಿಸಿದ್ದಳು. ಗೂಟಕ್ಕೆ ಒಂದು ಹೊಸ ಬಿಳಿ ಅಂಗಿ ನೇತುಹಾಕಿದ್ದಳು. ಯಾರದು ಅಂತ ನಾನು ಕೇಳಲಿಲ್ಲ. ಪ್ರತಿ ಸಲವೂ ‘ಕಾಗದ ಬಂತೇನಪ್ಪ?’ ಅನ್ನುವಳು. ಇಲ್ಲ ಅಂದರೆ ಇನ್ನೊಂದು ಲೋಟ ಮಜ್ಜಿಗೆ ಸುರಿಯುವಳು. ಪಾಪ, ನನ್ನನ್ನು ಸಮಾಧಾನ ಮಾಡುತ್ತಾಳೆ ಅಂದುಕೊಂಡು ಮಜ್ಜಿಗೆ ಕುಡಿದು ಬರುತ್ತಿದ್ದೆ.

ಎರಡನೇ ವರ್ಷದ ಕೊನೆಗೆ, ಧಾರವಾಡದ ಕಡೆ ಇದ್ದ ನಮ್ಮ ಹಳೇ ಸುಬೇದಾರ್ ಸಾಹೇಬರು ನೆನಪಾದರು. ಮೊದಲೇ ನೆನಪಾಗಬೇಕಿತ್ತು. ಅವರು ಒಂದು ಹಾಳೆಯ ಮೇಲೆ, ಈತ ಎರಡೂ ಯುದ್ಧದಲ್ಲಿ ನನ್ನ ಕೈಕೆಳಗೆ ಇದ್ದ ಅಂತ ನಾಲ್ಕು ಸಾಲು ಬರೆದುಕೊಟ್ಟರು. ಎರಡೇ ತಿಂಗಳಲ್ಲಿ ಪುಸ್ತಕ ತಿದ್ದುಪಡಿಯಾಗಿ ಬಂತು. ‘ನಿಲ್’ ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ಎರಡು ಪದಕ, ಮೇಲೆ ದುಂಡನೆಯ ಮೊಹರು. ಹಿರಿಯರ ಹಬ್ಬಕ್ಕೆ ಇನ್ನು ಎಂಟೇ ದಿನವಿತ್ತು. ಕೋಟು ಹಾಕಿ, ನುಣುಪು ಪದಕಗಳನ್ನು ಎದೆಗೆ ಚುಚ್ಚಿಕೊಂಡು ನೀಲಗುಂದದ ಬಸ್ಸು ಹತ್ತಿದೆ.

ಆ ಸಾಲನ್ನು ಆಕೆಗೆ ಮೊದಲು ಇಂಗ್ಲಿಷಿನಲ್ಲಿ ಓದಿದೆ. ಆಮೇಲೆ ಕನ್ನಡದಲ್ಲಿ ಹೇಳಿದೆ. ಆಕೆ ಮೊಹರಿನ ಮೇಲೆ ಬೆರಳಾಡಿಸಿದಳು.

‘ಹಂಗಾರ ಖರೇನ ಹೋಗಿದ್ಯಪ್ಪ ನೀನು?’

‘ಹೋಗಿದ್ದೆ ಯವ್ವಾ. ಸರ್ಕಾರನ ಬರದೈತಿ ನೋಡು.’

‘ನೀರು ಕುಡಿಸಿದ್ದೂ ಖರೇನಾ?’

‘ಅದೂ ಖರೇನ.’

ಎದೆಯುಬ್ಬಿಸಿಯೇ ಹೇಳಿದೆ. ಆಕೆ ಗೂಟದ ಮೇಲಿನ ಅಂಗಿಯ ಕಡೆ ನೋಡಿದಳು. ಆಗ ತಿಳಿಯಿತು ಈ ದಡ್ಡನಿಗೆ. ನಾನು ಯುದ್ಧಕ್ಕೇ ಹೋಗದವನಾದರೆ ಭೀಮಪ್ಪ ಸತ್ತದ್ದೂ ಸುಳ್ಳು. ಎಲ್ಲೋ ಇದ್ದಾನೆ, ಬರುತ್ತಾನೆ. ಎರಡು ವರ್ಷ ಆಕೆ ಅದಕ್ಕೇ ಎಡೆ ಇಡಲಿಲ್ಲ, ಅದಕ್ಕೇ ಸುಣ್ಣ, ಅದಕ್ಕೇ ಅಂಗಿ. ಗಂಗಮ್ಮನಿಗೆ ಮೊದಲ ದಿನವೇ ತಿಳಿದಿತ್ತು. ಆಕೆಯ ಮಗನನ್ನು ಎರಡನೇ ಸಲ ಕೊಲ್ಲಲು ನಾನು ಕಚೇರಿ ಕಚೇರಿ ಅಲೆದು, ಮೊಹರು ಹಾಕಿಸಿಕೊಂಡು ಬಂದಿದ್ದೆ.

ಆಕೆ ಅಳಲಿಲ್ಲ. ಪುಸ್ತಕ ಮಡಚಿ ಕೈಗೆ ಕೊಟ್ಟಳು. ‘ಈ ವರ್ಷ ಎಡಿ ಇಡ್ತೀನಿ, ಬಾರಪ್ಪ’ ಅಂದಳು.

ಹೋದೆ. ಎಡೆಯ ಮುಂದೆ ಆ ಬಿಳಿ ಅಂಗಿ ಇಟ್ಟಿದ್ದಳು. ಹಿರಿಯರಿಗೆ ಇಟ್ಟ ಬಟ್ಟೆಯನ್ನು ಮನೆಯವರೇ ಯಾರಾದರೂ ತೊಡಬೇಕು. ಆ ಮನೆಯಲ್ಲಿ ಬೇರೆ ಯಾರಿದ್ದಾರೆ? ನನಗೇ ತೊಡಿಸಿದಳು. ಭೀಮಪ್ಪ ಸೈನ್ಯಕ್ಕೆ ಹೋದಾಗಿನ ಅಳತೆಗೆ ಹೊಲಿಸಿದ ಅಂಗಿ ಅದು, ಎರಡು ಪದಕದ ಈ ವೀರನ ಹೊಟ್ಟೆಯ ಹತ್ತಿರ ಗುಂಡಿ ಹತ್ತಲಿಲ್ಲ. ಒಂದು ಕೈಯಲ್ಲಿ ಅದನ್ನು ಕೂಡಿಸಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆಕೆ ಬಡಿಸಿದ ಹೋಳಿಗೆ ತಿಂದೆ.